ಊದುಬತ್ತಿ ಇನ್ನೂ ಉರಿಯುತ್ತಿತ್ತು

ನನಗೆ ಸಿಗಬೇಕಿದ್ದ ಇಂಜೆಕ್ಷನ್ ತಪ್ಪಿದ್ದು ನನ್ನ ಸೊಸೆ ತಡವಾಗಿ ಬಂದದ್ದರಿಂದಲ್ಲ. ನನಗೆ ಗಡಿಯಾರ ನೋಡಲು ಬಾರದ್ದರಿಂದ ತಪ್ಪಿತು. ಆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಮನೆಯವರು ಕಟ್ಟಿಕೊಂಡ ಕತೆ. ಅದು ಸುಳ್ಳು ಅಂತ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತವಳು ನಾನು.

ಮೂರನೆಯ ಕ್ಲಾಸಿನ ನಡುವೆ ನನ್ನನ್ನು ಶಾಲೆ ಬಿಡಿಸಿದರು. ಅವ್ವನಿಗೆ ಇನ್ನೊಂದು ಹೆರಿಗೆಯಾಗಿತ್ತು, ಕೂಸು ಆಡಿಸಲು ಜನ ಬೇಕಿತ್ತು. ಅಷ್ಟರಲ್ಲಿ ಅಕ್ಷರ ಬಂದಿತ್ತು, ಕೂಡುವುದು ಕಳೆಯುವುದು ಬಂದಿತ್ತು. ಗಡಿಯಾರದ ಪಾಠ ಇನ್ನೂ ಬಂದಿರಲಿಲ್ಲ. ಊರಿನ ನಮ್ಮ ಮನೆಯಲ್ಲಿ ಗಡಿಯಾರವೂ ಇರಲಿಲ್ಲ. ಮದುವೆಯಾಗಿ ಮೈಸೂರಿಗೆ ಬಂದು ವಿದ್ಯಾರಣ್ಯಪುರಂನ ವಠಾರದಲ್ಲಿ ಸಂಸಾರ ಹೂಡಿದೆ. ಅಲ್ಲಿ ಅಕ್ಕಪಕ್ಕದ ಹೆಂಗಸರ ಜೊತೆ ಕೂತು ಊದುಬತ್ತಿ ಹೊಸೆಯುವುದು ಕಲಿತೆ. ಗಂಡ ತೀರಿಕೊಂಡ ಮೇಲೆ ಮಗನನ್ನು ಓದಿಸಿದ್ದೂ ಅದರಿಂದಲೇ. ಮುಂದೆ ಒಂದು ಮಣೆ, ಪಕ್ಕದಲ್ಲಿ ಕಲಸಿದ ಕರಿಯ ಹಿಟ್ಟು, ಕಡ್ಡಿಯ ಕಂತೆ. ಆ ಕೆಲಸಕ್ಕೆ ಗಡಿಯಾರ ಬೇಡ. ಕೈಗೆ ಎಷ್ಟು ಬತ್ತಿ ಬಂತು ಅನ್ನುವುದೇ ಹೊತ್ತು.

ಹಾಗಾಗಿ ನನ್ನ ಹೊತ್ತೆಲ್ಲ ಬತ್ತಿಯ ಲೆಕ್ಕದಲ್ಲೇ ಕೂತಿತು. ನಾನು ಹೊಸೆದ ದಪ್ಪ ಬತ್ತಿ ಒಂದು ಉರಿದು ಮುಗಿಯುವಷ್ಟರಲ್ಲಿ ನೆನೆಸಿದ ಹುರುಳಿಕಾಳು ಹದವಾಗಿ ಬೆಂದಿರುತ್ತದೆ. ಅರ್ಧ ಬತ್ತಿಗೆ ಅನ್ನ. ಒಂದು ಆಲೂಗಡ್ಡೆ ತುಂಡಿಗೆ ಬತ್ತಿ ಚುಚ್ಚಿ ಒಲೆಯ ಪಕ್ಕದ ಕಿಟಕಿಯಲ್ಲಿಡುತ್ತೇನೆ, ಅದರ ಮೇಲೊಂದು ಕಣ್ಣಿಟ್ಟು ಬೇರೆ ಕೆಲಸ ಮಾಡುತ್ತೇನೆ. ಇದನ್ನು ನೋಡಿದವರು ಭಕ್ತಿ ಅಂದುಕೊಂಡರು. ‘ಅಜ್ಜಿ ಅನ್ನಪೂರ್ಣೆಗೆ ಧೂಪ ತೋರಿಸದೆ ಅಡುಗೆ ಇಳಿಸೋದಿಲ್ಲ’ ಅಂತ ನಮ್ಮ ಬೀದಿಯಲ್ಲಿ ಹೆಸರಾಯಿತು. ನಾನೇನು ಅಂಥ ದೈವಭಕ್ತಳಲ್ಲ. ಆದರೂ ಯಾರಾದರೂ ಅಡುಗೆಮನೆಗೆ ಬಂದರೆ ಬತ್ತಿಯ ಮುಂದೆ ಒಂದು ಸಲ ಕೈ ಮುಗಿಯುತ್ತಿದ್ದೆ. ಬಿಟ್ಟಿ ಬಂದ ಮರ್ಯಾದೆಯನ್ನು ಯಾರು ಬೇಡ ಅನ್ನುತ್ತಾರೆ?

ಮೊಬೈಲಿನಲ್ಲಿ ಅಂಕಿಯೇ ಬರುತ್ತದಲ್ಲ ಅನ್ನಬಹುದು. ಬರುತ್ತದೆ. ಹನ್ನೆರಡು ನಲವತ್ತೇಳು ಅಂತ ಓದುತ್ತೇನೆ ಕೂಡ. ಆದರೆ ಅದಕ್ಕೂ ಊಟಕ್ಕೂ ಎಷ್ಟು ದೂರ ಅಂತ ನನಗೆ ತಿಳಿಯುವುದಿಲ್ಲ. ಬತ್ತಿ ನೋಡಿದರೆ ತಿಳಿಯುತ್ತದೆ.

ಮಗ ವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ತಾನೇ ಮೆಚ್ಚಿ ಒಂದು ಹುಡುಗಿಯನ್ನು ತೋರಿಸಿದ. ಅವರದು ಲಕ್ಷ್ಮೀಪುರಂನ ಹಳೆಯ ಮನೆ. ತಾತ ಅರಮನೆಯಲ್ಲಿ ಲೆಕ್ಕ ಬರೆದವರು, ಅಪ್ಪ ಕಾಲೇಜಿನಲ್ಲಿ ಪಾಠ ಹೇಳಿದವರು. ಹುಡುಗಿ ಹೈಸ್ಕೂಲು ಟೀಚರು. ಮಾತುಕತೆಗೆ ಹೋದ ದಿನ ಅವಳ ತಾಯಿ, ಅಂದರೆ ನನ್ನ ಬೀಗಿತ್ತಿ, ಕಾಫಿ ಲೋಟ ಕೈಗೆ ಕೊಡುತ್ತಾ ಬರೀ ಮಾತಿಗೆ ಅಂತ ಕೇಳಿದರು, “ನಿಮ್ಮ ಓದು ಎಲ್ಲಿಯವರೆಗೆ ಆಯ್ತು?” ಅವರ ಗೋಡೆಯ ತುಂಬ ಪುಸ್ತಕ. ನನ್ನ ಉಗುರಿನ ಸಂದಿಯಲ್ಲಿ ಕರಿಯ ಹಿಟ್ಟು. “ಏಳನೇ ಕ್ಲಾಸು ಪಾಸು,” ಅಂದುಬಿಟ್ಟೆ. ಆಮೇಲೆ ಅದೇ ನಿಜವಾಯಿತು. ಮಗನಿಗೂ ನಾನು ಬೇರೆ ಏನೂ ಹೇಳಿರಲಿಲ್ಲ.

ಶ್ರೀರಾಂಪುರದಲ್ಲಿ ಮನೆ ಕಟ್ಟಿದಾಗ ಬೀಗಿತ್ತಿ ಗೃಹಪ್ರವೇಶಕ್ಕೆ ಒಂದು ದೊಡ್ಡ ಗಡಿಯಾರ ತಂದರು. ಈಗಿನ ಕಾಲದ್ದು. ಅಂಕಿ ಕೂಡ ಇಲ್ಲ, ಸುತ್ತ ಬರೀ ಗೀಟು. ಅದು ನಡುಮನೆಯ ಗೋಡೆಗೆ ಬಂದ ದಿನದಿಂದ ನನಗೆ ಶತ್ರು. ಹೊಸ ಬೀದಿಯ ಸದ್ದುಗಳನ್ನು ನಾನು ಮೊದಲಿಂದ ಕಲಿಯಬೇಕಾಯಿತು. ಹಾಲಿನವನ ಸೈಕಲ್ಲು, ಗಾಳಿ ಈ ಕಡೆ ಬೀಸಿದರೆ ಚಾಮರಾಜನಗರದ ರೈಲಿನ ಕೂಗು, ಕಸದ ಗಾಡಿಯ ಹಾಡು, ಎದುರು ಮನೆಯ ನೆರಳು ನಮ್ಮ ಗೇಟಿಗೆ ಮುಟ್ಟುವುದು. ಒಂದು ದಿನವೂ ಅಡುಗೆ ತಡವಾಗಲಿಲ್ಲ.

ಹೊತ್ತಿನ ಬಗ್ಗೆ ನನ್ನಷ್ಟು ಬಾಯಿ ಮಾಡಿದವರೂ ಇಲ್ಲ. ಗುಟ್ಟು ಇರುವವರೇ ಜೋರಾಗಿ ಮಾತಾಡುವುದು. ಸೊಸೆಗೆ ಒಂದಿಷ್ಟು ತಡವಾಗುವ ಅಭ್ಯಾಸ. ದಾರಿಯಲ್ಲಿ ಯಾರಾದರೂ ಸಿಕ್ಕಿದರೆ ನಿಂತು ಮಾತಾಡುವ ಸ್ವಭಾವ. ಅವಳು ಗೇಟು ತೆಗೆಯುವ ಮೊದಲೇ ನಾನು ಶುರು ಮಾಡುತ್ತಿದ್ದೆ.

“ನಿಮ್ಮಮ್ಮ ಅಷ್ಟು ದೊಡ್ಡ ಗಡಿಯಾರ ಕೊಟ್ಟವ್ರಲ್ಲಮ್ಮ, ಗೋಡೆಗೆ ಅಂದ ಬರ್ಲಿ ಅಂತಾನಾ?”

“ಟ್ರಾಫಿಕ್ ಅತ್ತೆ.”

“ಟ್ರಾಫಿಕ್ಕು ನಿಂಗೊಬ್ಬಳಿಗೇ ಬತ್ತದಾ? ಗಂಟೆ ನೋಡಕ್ಕೆ ಬರಲ್ವಾ ನಿಂಗೆ?”

ಈ ಕೊನೆಯ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಮೊಮ್ಮಗಳು ಸಣ್ಣವಳಿದ್ದಾಗ ರಟ್ಟಿನ ಗಡಿಯಾರ ಇಟ್ಟುಕೊಂಡು ಚಿಕ್ಕ ಮುಳ್ಳು ದೊಡ್ಡ ಮುಳ್ಳು ತಿರುಗಿಸಿ ಶಾಲೆಯ ಪಾಠ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಅವರೆಕಾಯಿ ಬಿಡಿಸುತ್ತಾ ನಾನೂ ಪಕ್ಕದಲ್ಲಿ ಕೂತು ಕದ್ದು ಕೇಳಿದೆ. ಅರ್ಧ ತಿಳಿಯಿತು. ಅಷ್ಟರಲ್ಲಿ ಅವಳು, “ಅಜ್ಜಿ, ಇದೆಷ್ಟು ಹೇಳು?” ಅಂತ ರಟ್ಟನ್ನು ನನ್ನ ಮೂಗಿಗೆ ಹಿಡಿದಳು. “ನಂಗೇನು ಕೆಲ್ಸ ಇಲ್ವಾ, ಹೋಗು ನಿಮ್ಮಮ್ಮನ್ನ ಕೇಳು,” ಅಂತ ಗದರಿ ಎದ್ದು ಹೋದೆ. ಕಲಿಯುವುದಕ್ಕೆ ಒಂದು ದಾರಿ ಇತ್ತು. ಅದನ್ನೂ ನಾನೇ ಮುಚ್ಚಿಕೊಂಡೆ.

ಆಷಾಢದ ಒಂದು ಶನಿವಾರ. ಬೆಳಿಗ್ಗೆ ಎಂಟಕ್ಕೆಲ್ಲ ಮೂವರೂ ಮನೆ ಬಿಟ್ಟರು. ಶನಿವಾರ ಸೊಸೆಗೆ ಅರ್ಧ ದಿನ ಶಾಲೆ, ಹನ್ನೆರಡರ ಸುಮಾರಿಗೆ ಬಂದುಬಿಡುತ್ತಿದ್ದಳು. ಆವತ್ತು ಬರಲಿಲ್ಲ. ಲಕ್ಷ್ಮೀಪುರಂಗೆ ಅಮ್ಮನನ್ನು ನೋಡಲು ಹೋಗಿದ್ದಳು, ಅವರು ಊಟಕ್ಕೆ ನಿಲ್ಲಿಸಿಕೊಂಡಿದ್ದರು. ಅವಳು ಇನ್ನೂ ಬರಲಿಲ್ಲ, ಅಡುಗೆಗೆ ಅವಸರವಿಲ್ಲ ಅಂತ ನಾನು ಬೇರೆ ಕೆಲಸ ಮುಗಿಸಿಕೊಂಡು, ನಿಧಾನವಾಗಿಯೇ ಹುರುಳಿ ಒಲೆಗಿಟ್ಟೆ. ಬತ್ತಿ ಹಚ್ಚಿದೆ. ಸೌಟು ತೆಗೆದುಕೊಳ್ಳಲು ಕೈ ಚಾಚಿದರೆ ಬಲಗೈ ನನ್ನದಲ್ಲ ಅನ್ನಿಸಿತು. ಕಾಲು ಮಡಚಿಕೊಂಡಿತು. ನೆಲಕ್ಕೆ ಬಿದ್ದೆ. ಕೂಗಿದರೆ ಬಾಯಿಂದ ಬರೀ ಗಾಳಿ.

ಕಿಟಕಿಯ ಬತ್ತಿ ಮಾತ್ರ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಬಿದ್ದಿದ್ದೆ. ಎರಡು ಬೆರಳಷ್ಟು ಉಳಿದಿರುವಾಗ ಸ್ಕೂಟರಿನ ಸದ್ದು ಬಂತು, ಗೇಟು ಕಿರ್ರೆಂದಿತು.

ಅವಳು ಬಂದು ಗ್ಯಾಸ್ ಆರಿಸಿದಳು, ಮಗನಿಗೆ ಫೋನ್ ಮಾಡಿದಳು, ಅಕ್ಕಪಕ್ಕದವರನ್ನು ಕರೆದು ನನ್ನನ್ನು ಅವರ ಕಾರಿಗೆ ಹಾಕಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತೇ, “ಎಷ್ಟು ಹೊತ್ತಿಗೆ ಶುರುವಾಯ್ತು?” ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಹೆಪ್ಪು ಕರಗಿಸಲು ಒಂದು ಇಂಜೆಕ್ಷನ್ ಇದೆಯಂತೆ. ಅದನ್ನು ಇಷ್ಟು ಗಂಟೆಯೊಳಗೆ ಅಂತ ಕೊಡಬೇಕು, ಮೀರಿದ ಮೇಲೆ ಕೊಟ್ಟರೆ ಒಳಗೆ ರಕ್ತ ಸುರಿಯುವ ಅಪಾಯ. ಶುರುವಾದದ್ದು ಯಾರೂ ನೋಡಿಲ್ಲ ಅಂದರೆ, ಚೆನ್ನಾಗಿದ್ದದ್ದನ್ನು ಕೊನೆಗೆ ಯಾವಾಗ ನೋಡಿದರೋ ಅಲ್ಲಿಂದ ಲೆಕ್ಕ ಹಿಡಿಯುತ್ತಾರೆ. ಕೊನೆಗೆ ನೋಡಿದ್ದು ಬೆಳಿಗ್ಗೆ ಎಂಟಕ್ಕೆ. ಆ ಲೆಕ್ಕಕ್ಕೆ ಹೊತ್ತು ಮೀರಿತ್ತು.

“ಅಜ್ಜಿ, ನಿಮಗೇನಾದ್ರೂ ಗೊತ್ತಾ? ಎಷ್ಟು ಗಂಟೆಗೆ ಬಿದ್ರಿ?”

ನಾನು ಸೊಟ್ಟಬಾಯಲ್ಲಿ ಹೇಳಿದೆನಂತೆ, “ಊದುಬತ್ತಿ ಉರೀತಿತ್ತು. ಇನ್ನೂ ಉರೀತಿತ್ತು.”

“ಯಾವ ಊದುಬತ್ತಿ?”

“ಇವರು ಮುಂಚೆ ಊದುಬತ್ತಿ ಹೊಸೀತಿದ್ರು ಡಾಕ್ಟ್ರೇ,” ಅಂದಳಂತೆ ಸೊಸೆ ಅಳುತ್ತಾ. “ಹಳೇದೆಲ್ಲ ಏನೋ ಹೇಳ್ತಿದ್ದಾರೆ.”

ಡಾಕ್ಟರು ಅದನ್ನು ‘ಗೊಂದಲ’ ಅಂತ ಬರೆದುಕೊಂಡರಂತೆ. ಅವರದೇನೂ ತಪ್ಪಿಲ್ಲ. ಗಂಟೆ ಕೇಳಿದರೆ ಊದುಬತ್ತಿ ಅನ್ನುವವಳನ್ನು ಇನ್ನೇನು ಅಂದುಕೊಳ್ಳಬೇಕು? ‘ಈಗ ಸ್ವಲ್ಪ ಮುಂಚೆ’ ಅಂದಿದ್ದರೂ ಸಾಕಿತ್ತು. ಆದರೆ ನಾನು ಆ ಸ್ಥಿತಿಯಲ್ಲಿ ನನ್ನ ಭಾಷೆಯಲ್ಲೇ ಹೇಳಿದೆ. ಇಂಜೆಕ್ಷನ್ ಕೊಡಲಿಲ್ಲ.

ಆ ಆಸ್ಪತ್ರೆಯ ದಿನಗಳೆಲ್ಲ ನನಗೆ ಆಗ ಅಳಿಸಿಹೋಗಿದ್ದವು. ಮೇಲೆ ಬರೆದದ್ದರಲ್ಲಿ ಅರ್ಧ ಅವರಿವರಿಂದ ಕೇಳಿದ್ದು. ಮನೆಗೆ ಬಂದ ಮೇಲೆ ಪಕ್ಕದ ಮನೆಯವಳ ಮುಖ ಗೊತ್ತು, ಹೆಸರು ಬಾರದು. ಒಂದು ಮಾತು ಶುರು ಮಾಡಿದರೆ ನಡುವೆ ಕಾಲು ಜಾರಿದ ಹಾಗೆ. ಅದು ನಾಟಕವಲ್ಲ, ನಿಜವಾಗಿಯೂ ಹೋಗಿತ್ತು. ಒಲೆ ಹಚ್ಚುವ ಲೈಟರನ್ನು ಮಗ ಬೀರುವಿನಲ್ಲಿಟ್ಟ. ಒಬ್ಬಳೇ ಗೇಟು ದಾಟಕೂಡದು ಅಂತಾಯಿತು. ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಒಂದು ರಕ್ತ ಗಟ್ಟಿಯಾಗದ ಹಾಗೆ ನೋಡಿಕೊಳ್ಳುವುದು, ಅದು ಜೀವ ಇರುವವರೆಗೆ. ಇನ್ನೊಂದು ನೆನಪಿಗೆ. ನೆನಪಿನ ಮಾತ್ರೆಯ ಬಗ್ಗೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ಗ್ಯಾರಂಟಿ ಕೊಡಲ್ಲ ನಾನು. ಕೊಟ್ಟು, ಆಗಾಗ ಪರೀಕ್ಷೆ ಮಾಡಿ ನೋಡೋಣ,” ಅಂದರು.

ಮೊದಲ ಪರೀಕ್ಷೆಗೆ ಸೊಸೆಯೇ ಕರೆದುಕೊಂಡು ಹೋದಳು. ಡಾಕ್ಟರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಯಾವ ಊರು ಅಂತ ಕೇಳಿದರು. “ಮೈಸೂರು. ನೀವು ಹೊಸಬ್ರಾ?” ಅಂದೆ. ನಕ್ಕರು. ಮೂರು ಪದದಲ್ಲಿ ಎರಡು ನೆನಪಿತ್ತು.

“ಎಷ್ಟು ಓದಿದ್ದಾರೆ?” ಅಂತ ಸೊಸೆಯನ್ನು ಕೇಳಿದರು.

“ಏಳನೇ ಕ್ಲಾಸು. ದಿನಾ ಪೇಪರ್ ಓದ್ತಾರೆ ಡಾಕ್ಟ್ರೇ. ಹೊತ್ತಿನ ವಿಷಯದಲ್ಲಂತೂ ನಮ್ಮತ್ತೆ ಬಹಳ ಕಟ್ಟುನಿಟ್ಟು, ನಾವೇ ಅವರ ಹತ್ರ ಬೈಸ್ಕೋತೀವಿ.”

ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು.

“ಹಾಗಾದ್ರೆ ಇದು ಸುಲಭ ಬಿಡಿ. ಒಂದು ಗಡಿಯಾರ ಬರೀರಿ ಅಜ್ಜಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಎಡಗೈಯಲ್ಲಾದ್ರೂ ಸರಿ.”

ದೋಸೆ ಹಾಗೆ ಒಂದು ಸುತ್ತು ಬರೆದೆ. ಅಲ್ಲಿಗೆ ನಿಂತಿತು.

“ಯಾಕೆ ಅಜ್ಜಿ?”

“ಮರ್ತೋಯ್ತು,” ಅಂದೆ.

ಸೊಸೆ ಆ ಕಡೆ ಮುಖ ತಿರುಗಿಸಿಕೊಂಡಳು. ಆ ಮಾತು ಬಾಯಿಂದ ಬಿದ್ದಾಗ ನನಗೆ ಸಮಾಧಾನವೇ ಆಯಿತು ಅನ್ನುವುದನ್ನೂ ಬರೆಯಬೇಕು. ಬರಲ್ಲ ಅಂದರೆ ದಡ್ಡಿ. ಮರೆತೆ ಅಂದರೆ ಕಾಯಿಲೆಯವಳು. ಕಾಯಿಲೆಯವಳಿಗೆ ಎಳನೀರು ತಂದುಕೊಡುತ್ತಾರೆ, ದಡ್ಡಿಗೆ ಯಾರು ತರುತ್ತಾರೆ?

ಮನೆಯಲ್ಲಿ ಕತೆ ಆಗಲೇ ಗಟ್ಟಿಯಾಗಿತ್ತು. ನಾನು ಬೆಳಿಗ್ಗೆಯೇ ಯಾವಾಗಲೋ ಬಿದ್ದಿದ್ದೆ, ಗಂಟೆಗಟ್ಟಲೆ ನೆಲದ ಮೇಲೆ ಒದ್ದಾಡಿದ್ದೆ, ಸೊಸೆ ಹನ್ನೆರಡಕ್ಕೆ ಬಂದಿದ್ದರೆ ಇಂಜೆಕ್ಷನ್ ಸಿಕ್ಕುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲೇ ಮಗ ಅವಳಿಗೆ ಅಂದಿದ್ದನಂತೆ, “ನಿಮ್ಮಮ್ಮನ ಮನೇಲಿ ಒಂದು ತುತ್ತು ಕಮ್ಮಿ ತಿಂದಿದ್ರೆ ನಮ್ಮವ್ವ ನೆಟ್ಟಗಿರೋಳು.” ನಾನೂ ಆ ಕತೆಯನ್ನು ನಂಬಿದೆ, ಯಾಕೆಂದರೆ ನನಗೆ ಆ ದಿನ ನೆನಪಿರಲಿಲ್ಲ. ನಂಬಿ ಸುಮ್ಮನಿದ್ದಿದ್ದರೆ ಬೇರೆ. ಅವಳು ಒಂದು ದಿನ ನನಗೆ ಸಾರನ್ನ ಕಲಸಿ ಬಾಯಿಗೆ ಇಡುತ್ತಿದ್ದಳು. ಉಪ್ಪು ಕಮ್ಮಿಯಿತ್ತು. ನಾನು ಅಂದೆ, “ನಿಮ್ಮಮ್ಮನ ಮನೆ ಊಟ ಆವತ್ತು ಚೆನ್ನಾಗಿತ್ತೇನಮ್ಮ?”

ಅವಳ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಆಮೇಲೆ ಮತ್ತೆ ತುತ್ತು ಮಾಡಿದಳು. ಅಲ್ಲಿಂದಾಚೆ ಅವಳು ಲಕ್ಷ್ಮೀಪುರಂಗೆ ಹೋಗುವುದನ್ನೇ ಬಿಟ್ಟಳು. ಶಾಲೆ ಬಿಟ್ಟರೆ ಮನೆ. ಗೇಟಿನ ಮುಂದೆ ಯಾರ ಹತ್ತಿರವೂ ನಿಲ್ಲುತ್ತಿರಲಿಲ್ಲ. ಅವಳ ಸ್ಕೂಟರಿನ ಸದ್ದಿನಿಂದಲೇ ನಾನು ಹೊತ್ತು ಹಿಡಿಯಬಹುದಿತ್ತು, ಅಷ್ಟು ಸರಿಯಾಗಿ ಬರತೊಡಗಿದಳು.

ನೆನಪು ಸ್ವಲ್ಪ ಸ್ವಲ್ಪವೇ ವಾಪಸು ಬಂತು. ಮಾತ್ರೆಯಿಂದ ಬಂತೋ ತಾನಾಗಿ ಬಂತೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪಕ್ಕದ ಮನೆಯವಳ ಹೆಸರು ಬಂತು. ಹಳೆಯ ವಠಾರದ ನಲ್ಲಿ ಜಗಳ ಬಂತು. ಗೌರಿ ಹಬ್ಬಕ್ಕೆ ಮುಂಚಿನ ಶುಕ್ರವಾರ ಸೊಸೆ ದೇವರ ಗೂಡಿನಲ್ಲಿ ನಾನು ಹೊಸೆದಿಟ್ಟಿದ್ದ ಹಳೆಯ ಕಂತೆಯಿಂದ ಒಂದು ಬತ್ತಿ ಹಚ್ಚಿ ಅಡುಗೆಮನೆಗೆ ಹೋದಳು. ನಾನು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಅದು ಎರಡು ಬೆರಳಿಗೆ ಬಂದಾಗ ಮೊಮ್ಮಗಳು ಟ್ಯೂಷನ್ ಮುಗಿಸಿ ಬಂದು ಗೇಟು ತೆಗೆದಳು. ಕಿರ್ರೆಂದಿತು.

ಅಷ್ಟೇ. ನೆಲದ ತಂಪು, ಕಿಟಕಿ, ಆಲೂಗಡ್ಡೆ ತುಂಡು, ಎರಡು ಬೆರಳು ಬತ್ತಿ, ಗೇಟಿನ ಸದ್ದು ಎಲ್ಲಾ ಒಟ್ಟಿಗೆ ಬಂತು. ನಾನು ಬೆಳಿಗ್ಗೆಯಿಂದ ಬಿದ್ದಿರಲಿಲ್ಲ. ಒಂದು ಬತ್ತಿ ಪೂರ್ತಿ ಉರಿಯುವಷ್ಟು ಹೊತ್ತೂ ಬಿದ್ದಿರಲಿಲ್ಲ. ಅವಳು ಹನ್ನೆರಡಕ್ಕೆ ಬಂದಿದ್ದರೆ ನಾನು ನೆಟ್ಟಗೆ ನಿಂತು ‘ಗಂಟೆ ನೋಡಕ್ಕೆ ಬರಲ್ವಾ’ ಅಂತ ಬೈಯುತ್ತಿದ್ದೆ. ಅವಳು ಬಂದದ್ದು ಸರಿಯಾದ ಹೊತ್ತಿಗೇ. ಇಂಜೆಕ್ಷನ್ನಿಗೆ ಬೇಕಾದಷ್ಟು ಸಮಯವಿತ್ತು. ನಾನು ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ.

ಆಗಲೇ ಕರೆದು ಹೇಳಬೇಕಿತ್ತು. “ಹಾಲು ಉಕ್ತಾದೆ ನೋಡಮ್ಮ,” ಅಂತ ಮಾತ್ರ ಕೂಗಿದೆ.

ಹೇಳುವುದಾದರೆ ಪೂರ್ತಿ ಹೇಳಬೇಕು. ಯಾಕೆ ಊದುಬತ್ತಿ ಅಂದೆ, ಗಂಟೆ ಯಾಕೆ ಹೇಳಲಿಲ್ಲ, ಗೋಡೆ ಮೇಲಿನ ಗಡಿಯಾರ ಏನು ಮಾಡುತ್ತಿತ್ತು, ಏಳನೇ ಕ್ಲಾಸು ಎಲ್ಲಿಂದ ಬಂತು, ಅನ್ನಪೂರ್ಣೆ ಎಲ್ಲಿಂದ ಬಂದಳು. ಒಂದು ಎಳೆ ಎಳೆದರೆ ಸೀರೆಯೇ ಬಿಚ್ಚುತ್ತದೆ. ಹಬ್ಬ ಮುಗಿಯಲಿ ಅಂದುಕೊಂಡೆ. ಗಣೇಶನನ್ನು ಬಿಟ್ಟದ್ದಾಯಿತು. ಪಿತೃಪಕ್ಷದಲ್ಲಿ ಇಂಥ ಮಾತು ಬೇಡ ಅಂದುಕೊಂಡೆ. ದಸರೆಯ ಲೈಟು ಹಾಕಿದರು, ತೆಗೆದರು.

ಈ ನಡುವೆ ಎರಡನೆಯ ಪರೀಕ್ಷೆಯಾಯಿತು. ಮೂರು ಪದವನ್ನೂ ಹೇಳಿದೆ. ವಾರ, ತಿಂಗಳು ಹೇಳಿದೆ. ಮತ್ತೆ ಗಡಿಯಾರ, ಮತ್ತೆ ದೋಸೆ.

“ವಿಚಿತ್ರ,” ಅಂದರು ಡಾಕ್ಟರು. “ಪದ ಪೂರ್ತಿ ಬಂದಿದೆ, ಇದೊಂದು ಬರ್ತಿಲ್ಲ. ಮಾತ್ರೆ ಸ್ವಲ್ಪ ಜಾಸ್ತಿ ಮಾಡಿ ನೋಡೋಣ.”

ಜಾಸ್ತಿ ಮಾಡಿದ ಮಾತ್ರೆಗೆ ತಲೆ ಸುತ್ತು, ಹೊಟ್ಟೆ ತೊಳೆಸುವುದು. ಕಲಿಯದೆ ಇದ್ದದ್ದನ್ನು ವಾಪಸು ತರುವ ಮಾತ್ರೆ ಯಾವ ಅಂಗಡಿಯಲ್ಲಿ ಸಿಕ್ಕುತ್ತದೆ? ನುಂಗಿದೆ. ಸೊಸೆ ನನ್ನ ಹಣೆ ಹಿಡಿದು ವಾಂತಿ ಮಾಡಿಸುತ್ತಾ, “ಎಲ್ಲಾ ನನ್ನಿಂದ ಅತ್ತೆ,” ಅಂದಳು. ವಾಂತಿ ಬರುತ್ತಿದ್ದುದು ಮಾತಾಡದಿರಲು ಒಳ್ಳೆಯ ನೆಪವಾಯಿತು.

ಬೀಗಿತ್ತಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ನಿಗದಿಯಾಯಿತು. ಒಬ್ಬಳೇ ಮಗಳು ಇವಳು. “ಅತ್ತೇನ ಬಿಟ್ಟು ಬರಕ್ಕಾಗಲ್ಲಮ್ಮ,” ಅಂತ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಯಾರೋ ನೆಂಟರ ಹುಡುಗ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಕಣ್ಣು ವಾಸಿಯಾದ ಮೇಲೆ ಒಂದು ಶುಕ್ರವಾರ ಸಂಜೆ ಬೀಗಿತ್ತಿ ತಾವೇ ಆಟೋದಲ್ಲಿ ಬಂದರು. ಕರಿಯ ಕನ್ನಡಕ, ಕೈಯಲ್ಲಿ ಚಟ್ನಿಪುಡಿಯ ಡಬ್ಬಿ. ಮಗ, ಸೊಸೆ ಇಬ್ಬರೂ ಮನೆಯಲ್ಲಿದ್ದರು.

“ಹೊಸ ಕಣ್ಣು ಬಂದಿದೆ ಬೀಗರೇ,” ಅಂದರು ನನ್ನ ಪಕ್ಕದಲ್ಲಿ ಕೂತು. “ನಿಮ್ಮ ಮುಖದ ಸುಕ್ಕೆಲ್ಲ ಎಣಿಸಬಹುದು.”

“ನಿಮ್ಮದನ್ನ ಮೊದ್ಲು ಎಣಿಸ್ಕೊಳಿ, ಆಮೇಲೆ ನನ್ನ ಹತ್ರ ಬನ್ನಿ,” ಅಂದೆ.

ನಕ್ಕರು. ಆಮೇಲೆ ನನ್ನ ಸ್ವಾಧೀನವಿಲ್ಲದ ಬಲಗೈಯನ್ನು ಎತ್ತಿ ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡರು. “ನಿಮ್ಮ ಹತ್ರ ಕ್ಷಮೆ ಕೇಳೋಣ ಅಂತ ಬಂದೆ. ಅವಳು ಆವತ್ತು ಹೊರಟು ನಿಂತಿದ್ಲು. ‘ಹಸ್ಕೊಂಡು ಹೋಗಬೇಡ್ವೇ, ಎರಡು ತುತ್ತು ತಿನ್ನು’ ಅಂತ ಕೂರಿಸಿದವಳು ನಾನು. ತಪ್ಪು ನನ್ನದು. ಅವಳನ್ನ ಕ್ಷಮಿಸಿಬಿಡಿ. ಮಗು ಒಣಗಿಹೋಗಿದೆ ನೋಡಿ.”

ಸೊಸೆ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಪುಸ್ತಕದ ಗೋಡೆಯ ಮನೆಯಿಂದ ಬಂದ ಹೆಂಗಸು, ಹೊಸ ಕಣ್ಣು ಇಟ್ಟುಕೊಂಡು, ಸುಳ್ಳಿ ಒಬ್ಬಳ ಕೈ ಹಿಡಿದು ಕ್ಷಮೆ ಕೇಳುತ್ತಿದ್ದರು. ನನಗೆ ಕೈ ಎಳೆದುಕೊಳ್ಳೋಣ ಅನ್ನಿಸಿತು. ಆ ಕೈಗೆ ಎಳೆದುಕೊಳ್ಳುವ ಶಕ್ತಿಯೂ ಇರಲಿಲ್ಲ.

“ನಿಮ್ಮ ಮಗಳು ತಡ ಮಾಡ್ಲಿಲ್ಲ ಕಣ್ರೀ,” ಅಂದೆ.

“ಅವ್ವ, ನಿಂಗೆ ನೆಪ್ಪಿಲ್ಲ, ಸುಮ್ನಿರು,” ಅಂದ ಮಗ.

“ನೆಪ್ಪಿರೋದು ನಂಗೊಬ್ಬಳಿಗೇ ಕಣೋ. ನೀನು ಬಾಯ್ಮುಚ್ಚು.”

ಹೇಳಿದೆ. ಹುರುಳಿ, ಬತ್ತಿ, ಎರಡು ಬೆರಳು, ಗೇಟು. ಮೂರನೇ ಕ್ಲಾಸು. ಅನ್ನಪೂರ್ಣೆಯನ್ನೂ ಬಿಡಲಿಲ್ಲ. ನಡುನಡುವೆ ನಾಲಿಗೆ ತೊದಲಿತು, ಆದರೂ ಯಾರೂ ಮಾತು ಜೋಡಿಸಿಕೊಡಲಿಲ್ಲ.

ಮಗ ನಂಬಲಿಲ್ಲ. ಅವನಿಗೆ ನಂಬುವುದು ಬೇಕಿರಲಿಲ್ಲ, ಯಾಕೆಂದರೆ ನಂಬಿದರೆ ಆಸ್ಪತ್ರೆಯ ವರಾಂಡದಲ್ಲಿ ಆಡಿದ ಮಾತು ಅವನ ತಲೆಗೇ ಬರುತ್ತಿತ್ತು. “ಅಂಗಾರೆ ಈಗೆಷ್ಟು ಗಂಟೆ ಹೇಳು,” ಅಂದ.

“ಎದ್ರು ಮನೆಯೋರು ಗೇಟಿನ ಲೈಟು ಹಾಕವ್ರೆ. ಅಕ್ಕಿ ತೊಳೆಯೋ ಹೊತ್ತು.”

“ಅದಲ್ಲ ಅವ್ವ. ಗಡಿಯಾರ ನೋಡ್ಬುಟ್ಟು ಹೇಳು.”

ಎಲ್ಲರೂ ನೋಡುತ್ತಿರುವಾಗ ತಲೆ ಎತ್ತಿ ನೋಡಿದೆ. ಎರಡು ಮುಳ್ಳು, ಸುತ್ತ ಗೀಟು. ಇಷ್ಟು ವರ್ಷ ಅದರ ಕೆಳಗೆ ಕೂತು ಊಟ ಮಾಡಿದ್ದೇನೆ.

“ಬರಲ್ಲ ಕಣೋ,” ಅಂದೆ.

ಸೊಸೆಯೇ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು, “ಹುರುಳಿ ಸೀದಿರಲಿಲ್ಲ. ಗ್ಯಾಸ್ ಆರಿಸಿದಾಗ ಪಾತ್ರೇಲಿ ನೀರು ಕುದೀತಿತ್ತು. ಬೆಳಿಗ್ಗೆಯಿಂದ ಒಲೆ ಮೇಲಿದ್ದಿದ್ರೆ ಕರಕಲಾಗಿರೋದು.” ಆಮೇಲೆ ನನ್ನ ಕಡೆ ತಿರುಗಿದಳು. “ಇದು ನಿಮಗೆ ಯಾವಾಗ ನೆನಪಾಯ್ತು ಅತ್ತೆ?”

“ಗೌರಿ ಹಬ್ಬಕ್ಕೆ ಮುಂಚೆ.”

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ದಸರಾ ಮುಗೀತು ಅತ್ತೆ,” ಅಂದಳು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಬೀಗಿತ್ತಿ ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟರು. ಹೊರಡುವಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ಬಾರದೆ ಇರೋದು ತಪ್ಪಲ್ಲ ಬೀಗರೇ,” ಅಂದರು. “ಆದ್ರೆ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವಳ ಮುಖ ನೋಡಬೇಕು ಅಂತಿದ್ದೆ. ಬರಲಿಲ್ಲ ಅವಳು.” ಚಟ್ನಿಪುಡಿಯ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೋದರು. ಮಗ ಅವರನ್ನು ಆಟೋ ಹತ್ತಿಸಿ ಬಂದು, ನನ್ನ ಮುಖವನ್ನಾಗಲಿ ಕೋಣೆಯ ಬಾಗಿಲನ್ನಾಗಲಿ ನೋಡದೆ ಟೀವಿ ಹಾಕಿ ಸದ್ದಿಲ್ಲದೆ ನೋಡುತ್ತಾ ಕೂತ.

ಮಾರನೆಯ ದಿನ ಶನಿವಾರ. ಹಾಲಿನವನಿಗಿಂತ ಮುಂಚೆ ಎದ್ದೆ. ಸೊಸೆ ಸ್ನಾನ ಮಾಡಿ, ತಿಂಡಿ ಮಾಡಿಟ್ಟು, ಮಾತಾಡದೆ ಸ್ಕೂಟರ್ ಹೊರಗೆ ತೆಗೆದಳು. ನಾನು ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ ಸ್ಕೂಟರಿನ ಮುಂದೆ ನಿಂತೆ.

“ಸ್ಕೂಲು ಮುಗಿಸ್ಕೊಂಡು ನಿಮ್ಮಮ್ಮನ ಮನೆಗೆ ಹೋಗು. ಅಲ್ಲೇ ಉಂಡ್ಕೊಂಡು ಬಾ.”

ಅವಳು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದಳು. “ಎಷ್ಟು ಗಂಟೆಗೆ ಬರಲಿ ಅತ್ತೆ?” ಅಂದಳು. ನಿಜಕ್ಕೂ ಕೇಳಿದಳೋ, ಚುಚ್ಚಿದಳೋ ನನಗೆ ತಿಳಿಯಲಿಲ್ಲ. ಚುಚ್ಚಿದ್ದರೂ ಅವಳಿಗೆ ಆ ಹಕ್ಕಿತ್ತು.

“ನಿಂಗೆ ಯಾವಾಗ ಬರ್ಬೇಕು ಅನ್ಸುತ್ತೋ ಆವಾಗ ಬಾ. ನಾನು ಕೇಳಲ್ಲ.”

ಅವಳು ಹೋದಳು. ತಿರುವಿನಲ್ಲಿ ಹಾರನ್ ಮಾಡುವವಳು ಆವತ್ತು ಮಾಡಲಿಲ್ಲ.

ಒಳಗೆ ಬಂದು ಮಗನಿಗೆ, “ಡಾಕ್ಟ್ರ ಹತ್ರ ಕರ್ಕೊಂಡೋಗು. ಮೂರನೇ ಕ್ಲಾಸು ಅಂತ ನಾನೇ ಹೇಳ್ತೀನಿ. ಆ ಮಾತ್ರೆ ಬೇಕೋ ಬೇಡ್ವೋ ಅವರೇ ಹೇಳ್ಲಿ,” ಅಂದೆ. ಅವನು ತಲೆಯಾಡಿಸಿದ. “ಲೈಟರ್ ಕೊಡು,” ಅಂದೆ. ಎದ್ದು ಬೀರು ತೆಗೆದು ಕೊಟ್ಟ, ಅಡುಗೆಮನೆಯ ಬಾಗಿಲಲ್ಲೇ ನಿಂತ.

ಎಡಗೈಯಲ್ಲಿ ಒಲೆ ಹಚ್ಚಿದೆ. ರಾತ್ರಿ ನೆನೆಸಿಟ್ಟಿದ್ದ ಹುರುಳಿ ಇಟ್ಟೆ. ಆಲೂಗಡ್ಡೆ ತುಂಡು ಮಾಡಿ ಬತ್ತಿ ಚುಚ್ಚಿ ಹಚ್ಚಿ ಕಿಟಕಿಯಲ್ಲಿಟ್ಟೆ. ಮಗ ನೋಡುತ್ತಿದ್ದ. ನಾನು ಕೈ ಮುಗಿಯಲಿಲ್ಲ.